ರಾಕೆಟ್ ಎಂಜಿನ್‌ಗೂ ಸ್ಪಾರ್ಕ್ ಪ್ಲಗ್ ಬೇಕಾ?

ಗ್ಯಾರೇಜ್‌ಭಟ್ಟ: ನಾನು ಬೈಕ್ ಮೆಕ್ಯಾನಿಕ್. ದಿನಾ ಪ್ಲಗ್ ಬಿಚ್ಚಿ ಮಸಿ ಉಜ್ಜೋದೇ ಕೆಲಸ. ಅಪೊಲೊ ಕಾಲದ ಜೆ-2 ರಾಕೆಟ್ ಎಂಜಿನ್‌ನಲ್ಲೂ ಸ್ಪಾರ್ಕ್ ಪ್ಲಗ್ ಇತ್ತಂತೆ. ಅಷ್ಟು ದೊಡ್ಡದಕ್ಕೆ ಇಷ್ಟು ಸಣ್ಣ ಕಿಡಿ ಸಾಕಾ?

ಕಿಡಿಗೇಡಿ: ಕಿಡಿ ನೇರವಾಗಿ ಎಂಜಿನ್ ಹೊತ್ತಿಸುವುದಿಲ್ಲ ಸಾರ್. ಚೇಂಬರ್‌ಗೆ ಇಂಧನ ಸಿಂಪಡಿಸುವ ಇಂಜೆಕ್ಟರ್ ಮಧ್ಯೆ ಪುಟ್ಟ ಇಗ್ನೈಟರ್ ಇರುತ್ತದೆ. ಅದಕ್ಕೆ ಒಂಚೂರು ಹೈಡ್ರೋಜನ್, ಒಂಚೂರು ಆಕ್ಸಿಜನ್. ಎರಡು ಪ್ಲಗ್ ಅದನ್ನು ಹೊತ್ತಿಸುತ್ತವೆ, ಆ ಜ್ವಾಲೆ ಮುಖ್ಯ ಚೇಂಬರ್‌ಗೆ ಬೆಂಕಿ ಕೊಡುತ್ತದೆ.

ಹಳೇರಾಕೆಟ್: ಈ ಜೆ-2 ಒಮ್ಮೆ ಕೈ ಕೊಟ್ಟಿತ್ತು. ಕೈ ಕೊಟ್ಟಿದ್ದು ಪ್ಲಗ್ ಅಲ್ಲ, ಪೈಪು! 1968ರ ಏಪ್ರಿಲ್ 4, ಅಪೊಲೊ 6 ಹಾರಾಟ. ಇಗ್ನೈಟರ್‌ಗೆ ಹೈಡ್ರೋಜನ್ ತರುವ ಪೈಪಿನ ಬೆಲ್ಲೋಸ್ (ಬಾಗಲು ಬಿಡುವ ಸುಕ್ಕುಸುಕ್ಕಾದ ಭಾಗ) ಅದುರಿ ಅದುರಿ ಒಡೆಯಿತು. ರಾಕೆಟ್‌ನ ಮೂರನೇ ಹಂತದ ಜೆ-2 ಮತ್ತೆ ಸ್ಟಾರ್ಟ್ ಆಗಲೇ ಇಲ್ಲ. ನೆಲದ ಮೇಲಿನ ಪರೀಕ್ಷೆಯಲ್ಲಿ ಕೊರೆಯುವಷ್ಟು ತಣ್ಣಗಿನ ಆ ಪೈಪಿಗೆ ಸುತ್ತಲಿನ ಗಾಳಿಯೇ ದ್ರವವಾಗಿ ಅಂಟಿಕೊಂಡು ಅದುರದಂತೆ ತಡೆಯುತ್ತಿತ್ತು. ಮೇಲೆ ಗಾಳಿ ಎಲ್ಲಿಂದ ಬರಬೇಕು? ಆಮೇಲೆ ಬೆಲ್ಲೋಸ್ ಕಿತ್ತು ಬಾಗಿಸಿದ ಪೈಪ್ ಹಾಕಿದರು.

ಗ್ಯಾರೇಜ್‌ಭಟ್ಟ: ಇಸ್ರೋದ ವಿಕಾಸ್ ರಾಕೆಟ್ ಎಂಜಿನ್‌ಗೂ ಪ್ಲಗ್ ಇದೆಯಾ?

ಕಿಡಿಗೇಡಿ: ಬೇಕಾಗಿಲ್ಲ. ಅದರ ಇಂಧನವೂ ಅದನ್ನು ಉರಿಸುವ ನೈಟ್ರೋಜನ್ ಟೆಟ್ರಾಕ್ಸೈಡೂ ಸೇರಿದ ಕ್ಷಣವೇ ತಾವಾಗೇ ಹೊತ್ತಿಕೊಳ್ಳುತ್ತವೆ. ಎರಡೂ ಭಯಂಕರ ವಿಷ, ಅದೇ ತಾಪತ್ರಯ.