‘ಬಾಡಿಗೆ ತಾಯಿ’ಗೆ ಬೇರೆ ಮಾತು ಇದೆಯೇ?

ಗೆಳೆಯರೇ, ಒಂದು ಪದ ತುಂಬಾ ದಿನದಿಂದ ಮನಸ್ಸಿಗೆ ಚುಚ್ಚುತ್ತಿದೆ.

ಮಲ್ಲೇಶ್ವರದಲ್ಲಿ ನಮ್ಮ ನೆಂಟರ ಮನೆ ನಾಮಕರಣ. ಮಗುವಿನ ತಾಯಿಗೆ ಗರ್ಭಕೋಶ ತೆಗೆಸಬೇಕಾಗಿ ಬಂದಿತ್ತು, ಹಾಗಾಗಿ ಮಗುವನ್ನು ಹೊತ್ತು ಹೆತ್ತವಳು ಅವಳ ಸ್ವಂತ ಅಕ್ಕ. ಪಂಕ್ತಿಯಲ್ಲಿ ಯಾರೋ ಪಕ್ಕದವರಿಗೆ, ‘ಹಸಿರು ಸೀರೆಯವಳು ಇದಾಳಲ್ಲ, ಅವಳೇ ಬಾಡಿಗೆ ತಾಯಿ’ ಅಂದರು. ಅವಳು ಎರಡು ಎಲೆ ಆಚೆ ಹುಳಿ ಬಡಿಸುತ್ತಿದ್ದಳು. ಸೌಟು ಒಂದು ಗಳಿಗೆ ಹಾಗೇ ನಿಂತಿತು. ಆಮೇಲೆ ಮುಂದಿನ ಎಲೆಗೆ ಹೋದಳು.

ಬಾಡಿಗೆ ಅಂದರೆ ಮನೆ, ಶಾಮಿಯಾನ, ಪಾತ್ರೆ. ದುಡ್ಡು ಕೊಟ್ಟು, ಬಳಸಿ, ಬಿಡುವಂಥದ್ದು. ಆದರೆ ಬೇರೆಯವರಿಗಾಗಿ ಮಗು ಹೊರುವುದರ ಬಗ್ಗೆ ಬಂದ 2021ರ ಕಾಯ್ದೆ ನಿಷೇಧಿಸಿದ್ದೇ ಈ ಬಾಡಿಗೆಯನ್ನು. ಹೊರುವವಳಿಗೆ ವೈದ್ಯಕೀಯ ಖರ್ಚು, 36 ತಿಂಗಳ ವಿಮೆ ಇಂಥವು ಬಿಟ್ಟು ಹಣ ಕೊಡುವಂತಿಲ್ಲ. ಅವಳಿಗೆ ಮದುವೆಯಾಗಿ ಸ್ವಂತ ಮಗು ಇರಬೇಕು, ವಯಸ್ಸು 25ರಿಂದ 35ರ ಒಳಗಿರಬೇಕು, ಜೀವನದಲ್ಲಿ ಒಂದೇ ಸಲ. ಇಷ್ಟಾದರೂ ಪತ್ರಿಕೆಗಳಲ್ಲಿ ಅದಕ್ಕೆ ‘ಬಾಡಿಗೆ ತಾಯ್ತನ ಕಾಯ್ದೆ’ ಅಂತಲೇ ಹೆಸರು! ಹಿಂದೆ ಕಷ್ಟಕ್ಕೆ ದುಡ್ಡು ಪಡೆದು ಹೊತ್ತ ಹೆಂಗಸರಿಗೂ ಈ ಮಾತು ಸಲ್ಲುತ್ತಿರಲಿಲ್ಲ. ತಿಂಗಳುಗಟ್ಟಲೆ ವಾಂತಿ, ಹೆರಿಗೆ ನೋವು, ಹೊಟ್ಟೆ ಮೇಲಿನ ಹೊಲಿಗೆ, ಇದಕ್ಕೆಲ್ಲ ಬಾಡಿಗೆ ಅನ್ನೋದಾ?

‘ಬದಲಿ ತಾಯಿ’ ಅಂತ ಕೆಲವರು ಬರೆಯುತ್ತಾರೆ. ಇದಕ್ಕೆ ಇಂಗ್ಲಿಷಿನಲ್ಲಿರುವ ‘ಸರೊಗೇಟ್’ ಅನ್ನುವುದರ ಅರ್ಥಕ್ಕೆ ಅದು ಹತ್ತಿರವೇ. ಆದರೆ ನನ್ನ ಕಿವಿಗೆ ರಜೆ ಹಾಕಿದ ಡ್ರೈವರ್ ಜಾಗಕ್ಕೆ ಬಂದವರ ಹಾಗೆ ಕೇಳಿಸುತ್ತದೆ.

ಇನ್ನೊಂದು ವಿಷಯ. ನಾವು ‘ಹೆತ್ತವರು’ ಅಂದರೆ ಅಪ್ಪ ಅಮ್ಮ ಇಬ್ಬರೂ, ಅಲ್ವಾ? ಕಾನೂನಿನ ಪ್ರಕಾರ ಈ ಮಗು ತಂಗಿ ಮತ್ತು ಅವಳ ಗಂಡನದು. ಅದು ಸರಿಯೇ, ಅಕ್ಕನ ಆಸೆಯೂ ಅದೇ. ಶಾಲೆಯ ಅರ್ಜಿಯಲ್ಲಿ ಹೆತ್ತವರು ಅಂತ ಸಹಿ ಹಾಕುವವರೂ ಅವರೇ. ಹೆರದ ಅಪ್ಪನಿಗೂ ಹೆತ್ತವರಲ್ಲಿ ಜಾಗ ಕೊಟ್ಟ ಭಾಷೆ, ನಿಜವಾಗಿ ಹೆತ್ತವಳಿಗೆ ಬಾಡಿಗೆ ಅನ್ನುತ್ತದಲ್ಲ, ಅದು ನನಗೆ ಸಹಿಸಲಾಗುತ್ತಿಲ್ಲ.

ಅವತ್ತು ಆ ಅಕ್ಕ ತಂಗಿಯರ ಅಜ್ಜಿ ಮಗುವನ್ನು ದೊಡ್ಡ ಮೊಮ್ಮಗಳ ಮಡಿಲಿಗೆ ಹಾಕಿ, ‘ಹೊತ್ತಮ್ಮನ ಹತ್ರ ಇರು ಸ್ವಲ್ಪ ಹೊತ್ತು’ ಅಂದರು. ಯಾರೂ ಹೇಳಿಕೊಟ್ಟದ್ದಲ್ಲ. ಆ ಮಾತು ದೊಡ್ಡಮ್ಮ, ಚಿಕ್ಕಮ್ಮನ ಸಾಲಿನಲ್ಲಿ ಸಲೀಸಾಗಿ ಕೂತುಬಿಟ್ಟಿತು.

ಮನೆಯೊಳಗೆ ‘ಹೊತ್ತಮ್ಮ’ ಸಾಕು. ನೆಂಟಸ್ತಿಕೆ ಇಲ್ಲದವಳು ಹೊತ್ತರೂ ಅದೇ ಮಾತು ನಡೆಯುತ್ತದಾ? ಬರವಣಿಗೆಗೆ ‘ಹೊತ್ತ ತಾಯಿ’ ಅನ್ನಬಹುದು, ಆದರೆ ‘ತಾಯ್ತನ’ ಸೇರಿಸಿದರೆ ಮಾತು ಕೂಡಿಬರುತ್ತಿಲ್ಲ. ನಿಮ್ಮ ಕಡೆ ಬೇರೆ ಏನಾದರೂ ಅನ್ನುತ್ತಾರಾ? ದಯವಿಟ್ಟು ತಿಳಿಸಿ.