ಯಾರ್ಕ್‌ಶೈರ್ ತಾತನ ಇಂಗ್ಲಿಷ್: ಕೆಟ್ಟದ್ದೋ, ಹಳೆಯದೋ?

ಹಾಸನದ ಸಿಸ್ಟರ್:
ಉತ್ತರ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ, ಬಾರ್ನ್ಸ್ಲಿ ಕಡೆ ವಯಸ್ಸಾದವರ ವಾರ್ಡಿನಲ್ಲಿ ನರ್ಸ್ ಆಗಿದ್ದೀನಿ. ಬಹಳ ಜನ ಕಲ್ಲಿದ್ದಲು ಗಣಿಯಲ್ಲಿ ದುಡಿದವರು. ಒಬ್ಬರು ತಾತ ಹೊಟ್ಟೆ ತುಂಬ ಉಂಡ ಮೇಲೂ 'ಐ ಆಮ್ ಸ್ಟಾರ್ವ್ಡ್' ಅಂತಾರೆ. ಇನ್ನೊಂದು ಕಂಬಳಿ ಹೊದಿಸಿದರೆ ಸಮಾಧಾನ. ಮಗಳು ಎಷ್ಟು ಹೊತ್ತಿನ ತನಕ ಇರ್ತಾರೆ ಅಂದ್ರೆ 'ವೈಲ್ ಸಿಕ್ಸ್'. 1984ರ ಗಣಿ ಕಾರ್ಮಿಕರ ಮುಷ್ಕರದ ಮಾತು ಬಂದರೆ 'ವಿ ವರ್ ಲೇಕಿಂಗ್'. ಲಂಡನ್ ಕಡೆಯ ಡಾಕ್ಟರೊಬ್ಬರು ಇದೆಲ್ಲ ಕೆಟ್ಟ ಇಂಗ್ಲಿಷ್ ಅಂದ್ರು. ನನಗೆ ಒಪ್ಪಿಗೆಯಾಗಲಿಲ್ಲ. ಊರಿಗೆ ಊರೇ ಒಂದೇ ಅರ್ಥದಲ್ಲಿ ಆಡೋ ಮಾತು ಕೆಟ್ಟದ್ದು ಹೇಗಾಗುತ್ತೆ? ತಿಳಿದವರು ಹೇಳಿ.

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಶಿವಮೊಗ್ಗ:
ನಿಮ್ಮ ಅನುಮಾನ ಸರಿಯಾಗಿದೆಯಮ್ಮ. 'ಸ್ಟಾರ್ವ್' ಅಂದರೆ ಮೊದಲು ಬರೀ ಸಾಯುವುದು ಅಂತ ಅರ್ಥ, ಹೇಗೆ ಸತ್ತರೂ ಸರಿ. ಜರ್ಮನ್ನಿನಲ್ಲಿ ಇವತ್ತಿಗೂ ಸಾಯುವುದಕ್ಕೆ 'ಸ್ಟೆರ್ಬೆನ್' ಅಂತಾರೆ. ಆಮೇಲೆ ಶಿಷ್ಟ ಇಂಗ್ಲಿಷಿನಲ್ಲಿ ಅದು ಹಸಿವಿಗೆ ಸೀಮಿತವಾಯಿತು, ಉತ್ತರದ ಆಡುಮಾತಿನಲ್ಲಿ ಚಳಿಗೂ ಉಳಿಯಿತು. ಒಂದು ಕವಲನ್ನು ಸರಿ, ಇನ್ನೊಂದನ್ನು ತಪ್ಪು ಅನ್ನಲು ಯಾವ ಆಧಾರವೂ ಇಲ್ಲ. 'ತನಕ' ಅನ್ನುವ ಅರ್ಥದ 'ವೈಲ್' ಅನ್ನು ಷೇಕ್ಸ್‌ಪಿಯರ್ ಮ್ಯಾಕ್‌ಬೆತ್‌ನ ಬಾಯಲ್ಲೇ ಆಡಿಸಿದ್ದಾನೆ. ಆ ಡಾಕ್ಟರಿಗೆ ಅವಶ್ಯ ತಿಳಿಸಿ.

'ಮೀಟ್' ಕೂಡ ಹಿಂದೆ ಯಾವ ಆಹಾರವಾದರೂ ಆಗಬಹುದಿತ್ತು. 1611ರ ಇಂಗ್ಲಿಷ್ ಬೈಬಲ್ಲಿನ 'ಮೀಟ್ ಆಫರಿಂಗ್' ಹಿಟ್ಟು, ಎಣ್ಣೆಯ ನೈವೇದ್ಯ. ಅದರಲ್ಲಿ ಮಾಂಸವೇ ಇಲ್ಲ! 'ಡಿಯರ್' ಅಂದರೆ ಯಾವುದೇ ಪ್ರಾಣಿ, ಆಮೇಲೆ ಜಿಂಕೆ ಮಾತ್ರ. ನಮ್ಮಲ್ಲೂ ಮೃಗಾಲಯದ ಮೃಗವೇ ಬೇರೆ, ಕಸ್ತೂರಿಮೃಗದ ಮೃಗವೇ ಬೇರೆ ಅಲ್ಲವೇ? ನಾನು ಪಾಠ ಹೇಳುವಾಗ ಈ ಜೋಡಿಯನ್ನು ಬೋರ್ಡಿನ ಮೇಲೆ ಬರೆದರೆ ಸಾಕಿತ್ತು, ಕೊನೇ ಬೆಂಚಿನ ಹುಡುಗರೂ ತಲೆ ಎತ್ತುತ್ತಿದ್ದರು.

ಇಂಥ ಮಾತುಗಳನ್ನೆಲ್ಲ ಕೂಡಿಸಿದ ಜೋಸೆಫ್ ರೈಟ್ ನಿಮ್ಮ ಯಾರ್ಕ್‌ಶೈರಿನವರೇ, ಬ್ರಾಡ್‌ಫರ್ಡ್ ಹತ್ತಿರದವರು, ಹುಟ್ಟಿದ್ದು 1855. ಆರನೇ ವಯಸ್ಸಿಗೇ ಕಲ್ಲುಗಣಿಯಲ್ಲಿ ಕತ್ತೆಗಾಡಿ ಹೊಡೆಯುವ ಕೆಲಸ, ಆಮೇಲೆ ನೂಲಿನ ಗಿರಣಿ. ಅಕ್ಷರ ಕಲಿತಿದ್ದು ಹದಿನೈದರ ಹೊತ್ತಿಗೆ. ಅಂಥವರು ಆಕ್ಸ್‌ಫರ್ಡಿನಲ್ಲಿ ಪ್ರೊಫೆಸರ್ ಆದರು. 1898ರಿಂದ 1905ರವರೆಗೆ ಇಂಗ್ಲಿಷ್ ಉಪಭಾಷೆಗಳ ನಿಘಂಟನ್ನು ಆರು ಸಂಪುಟಗಳಲ್ಲಿ ಹೊರತಂದರು. ಓದು ಬಾರದವರ ನಡುವೆ ಬೆಳೆದು, ಅವರ ಮಾತಿಗೇ ಇಷ್ಟು ದೊಡ್ಡ ಗೌರವ ಕೊಟ್ಟವರು. ಆ ಬದುಕನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಲೀಡ್ಸ್ ಕನ್ನಡಿಗ:
ಲೇಕಿಂಗ್ ಬಗ್ಗೆ ನಾನು ಹೇಳ್ತೀನಿ. ಅದು ಡೆನ್ಮಾರ್ಕ್, ಸ್ವೀಡನ್ ಸೀಮೆಯಿಂದ ಹಡಗಲ್ಲಿ ಬಂದ ವೈಕಿಂಗರ ಮಾತಿಂದ ಬಂದಿದ್ದು. ಅವರು 866ರಲ್ಲಿ ಯಾರ್ಕ್ ಹಿಡಿದು, ಈ ಸೀಮೆಯಲ್ಲೇ ನೆಲೆ ನಿಂತರು. 'ಲೇಕ್' ಅಂದ್ರೆ ಆಡೋದು, ಸ್ವೀಡನ್ನಿನ ಮಕ್ಕಳು ಇವತ್ತಿಗೂ ಆಟಕ್ಕೆ 'ಲೇಕ' ಅಂತಾರೆ. ಗಿರಣಿ, ಗಣಿಗಳಲ್ಲಿ ಕೆಲಸ ಇಲ್ದೆ ಮನೇಲಿರೋದಕ್ಕೂ ಅದೇ ಮಾತು. ಯಾರ್ಕಿಗೆ ಹೋದ್ರೆ ಸ್ಟೋನ್‌ಗೇಟ್, ಮಿಕಲ್‌ಗೇಟ್ ನೋಡಿ. ಅಲ್ಲಿ 'ಗೇಟ್' ಅಂದ್ರೆ ಬೀದಿ, ಅದೂ ಅವರದ್ದೇ. ಊರ ಬಾಗಿಲಿಗೆ ಅಲ್ಲಿ 'ಬಾರ್' ಅಂತಾರೆ!

ಹಾಸನದ ಸಿಸ್ಟರ್:
ತುಂಬಾ ಥ್ಯಾಂಕ್ಸ್ ಮೇಷ್ಟ್ರೇ, ಲೀಡ್ಸ್ ಅಣ್ಣಾ. ತಾತನಿಗೆ ಜೋಸೆಫ್ ರೈಟ್ ಕಥೆ ಹೇಳಿದೆ, ಎರಡು ಸಲ ಹೇಳಿಸಿಕೊಂಡರು. ಕೇರಳದಿಂದ ಹೊಸದಾಗಿ ಬಂದಿರೋ ಹುಡುಗಿಯರಿಗೆ ಈ ಮಾತುಗಳನ್ನ ಬರೆದುಕೊಡ್ತಿದ್ದೀನಿ, ಯಾಕಂದ್ರೆ ರೋಗಿ ಚಳಿ ಅಂದಾಗ ನಮಗೆ ಹಸಿವು ಅಂತ ಕೇಳಿಸಬಾರದು. ಇನ್ನೊಂದು ಉಳಿದಿದೆ. ಮಗ ಕೋಟು ಬಿಚ್ಚದೇ ಕೂತರೆ ತಾತ ಅವನಿಗೆ 'ನೆಶ್' ಅಂತಾರೆ.

ನಿವೃತ್ತ ಇಂಗ್ಲಿಷ್ ಮೇಷ್ಟ್ರು, ಶಿವಮೊಗ್ಗ:
ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲೇ ಅದಿತ್ತಮ್ಮ, ಮೆತ್ತಗಿನದು ಅನ್ನುವ ಅರ್ಥದಲ್ಲಿ. ಈಗ ಚಳಿ ತಡೆಯದವರಿಗೆ ಅನ್ನುತ್ತಾರೆ. ಅದನ್ನೂ ಪಟ್ಟಿಗೆ ಸೇರಿಸಿ.