ಆಸ್ಪತ್ರೆ ಬೇಡ ಅಂದ ಸ್ಟೆಮ್ ಸೆಲ್ ಇಂಜೆಕ್ಷನ್ ಕೊಡಿಸಲು ಹೈಕೋರ್ಟ್‌ಗೆ ಹೋಗಬಹುದಾ?

ಲಕ್ಷ್ಮೇಶ್ವರದ ಮಗಳು:
ನಮ್ಮಪ್ಪ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿದ್ದಾರೆ. ಶ್ವಾಸಕೋಶ ಗಟ್ಟಿಯಾಗುತ್ತಾ ಹೋಗುವ ಕಾಯಿಲೆ, ಫೈಬ್ರೋಸಿಸ್. ಪಿರ್ಫೆನಿಡೋನ್ ಗುಳಿಗೆ ನಡೆದಿತ್ತು. ಅದು ರೋಗದ ವೇಗ ತಗ್ಗಿಸುತ್ತದೆ, ಗಟ್ಟಿಯಾದ ಭಾಗವನ್ನು ಸರಿ ಮಾಡಲ್ಲ ಅಂತ ಡಾಕ್ಟರು ಮೊದಲೇ ಹೇಳಿದ್ದರು.

ಈಗ ಕಾಕಾ ಒಬ್ಬ ಏಜೆಂಟನನ್ನು ಕರೆದುಕೊಂಡು ಬಂದಿದ್ದಾರೆ. ಸ್ಟೆಮ್ ಸೆಲ್, ಅಂದರೆ ಬೇರೆ ಬೇರೆ ಜೀವಕೋಶಗಳಾಗಿ ಬೆಳೆಯಬಲ್ಲ ಮೂಲಕೋಶಗಳ ಇಂಜೆಕ್ಷನ್, ನಾಲ್ಕು ಲಕ್ಷ, ಅವರ ಡಾಕ್ಟರೇ ಬಂದು ಕೊಡುತ್ತಾರಂತೆ. ಆಸ್ಪತ್ರೆಯವರು ಸುತರಾಂ ಒಪ್ಪುತ್ತಿಲ್ಲ. "ಧಾರವಾಡ ಪೀಠದಿಂದ ಆರ್ಡರ್ ತರೋಣ, ಅಮೆರಿಕದಲ್ಲಿ ಕೊರೋನಾ ಟೈಮಲ್ಲಿ ಕೋರ್ಟೇ ಐವರ್‌ಮೆಕ್ಟಿನ್ ಅನ್ನೋ ಹುಳದ ಔಷಧಿ ಕೊಡಿಸಿತ್ತು" ಅನ್ನುತ್ತಾರೆ ಕಾಕಾ. ಹಣಕ್ಕೆ ಎರಿ ಹೊಲ ಮಾರುವ ಮಾತು ನಡೆದಿದೆ. ಅವ್ವ ಬಾಯಿ ಬಿಡುತ್ತಿಲ್ಲ. ಅಪ್ಪನಿಗೆ ಉಳಿದ ದಾರಿಯನ್ನು ನಾನೇ ಮುಚ್ಚಿದೆ ಅಂತಾಗಬಾರದು. ಕೋರ್ಟ್ ನಿಜವಾಗಿ ಆರ್ಡರ್ ಕೊಡುತ್ತದಾ?

ಧಾರವಾಡದ ವಕೀಲ:
ಕಾಕಾಗೆ ಅಮೆರಿಕದ ಕಥೆ ಅರ್ಧ ಮಾತ್ರ ಮುಟ್ಟಿದೆ. ಓಹಾಯೋದ ಬಟ್ಲರ್ ಕೌಂಟಿಯಲ್ಲಿ 2021ರ ಆಗಸ್ಟ್‌ನಲ್ಲಿ ಒಬ್ಬ ಜಡ್ಜ್ ವೆಂಟಿಲೇಟರ್ ಮೇಲಿದ್ದ ರೋಗಿಗೆ ಐವರ್‌ಮೆಕ್ಟಿನ್ ಕೊಡಿ ಅಂದದ್ದು ನಿಜ. ಸೆಪ್ಟೆಂಬರ್ ಮೊದಲ ವಾರವೇ ಇನ್ನೊಬ್ಬ ಜಡ್ಜ್ ಅದನ್ನು ಮುಂದುವರಿಸಲು ಒಪ್ಪಲಿಲ್ಲ. ವಿಸ್ಕಾನ್ಸಿನ್‌ನಲ್ಲಿ ಇಂಥದೇ ಆದೇಶ ಮೇಲ್ಮನವಿಯಲ್ಲಿ ಬಿದ್ದುಹೋಯಿತು. 2023ರ ಮೇ ತಿಂಗಳಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ಕೂಡ ಆಸ್ಪತ್ರೆ ಪರ ತೀರ್ಪು ಕೊಟ್ಟಿತು. ಡಾಕ್ಟರಿಗೆ ಸರಿ ಕಾಣದ ಔಷಧಿ ಕೊಡಿಸಲು ಯಾವ ಕಾನೂನಿನ ಆಧಾರ ಇದೆ ಅಂತ ಕೆಳಗಿನ ಕೋರ್ಟ್ ಹೇಳಿರಲೇ ಇಲ್ಲ.

ನಮ್ಮಲ್ಲಿ ಇನ್ನೂ ಕಷ್ಟ. ಖಾಸಗಿ ಆಸ್ಪತ್ರೆ ಮೇಲೆ ರಿಟ್, ಅಂದರೆ ಹೈಕೋರ್ಟ್‌ಗೆ ನೇರವಾಗಿ ಹಾಕುವ ಅರ್ಜಿ, ನಿಲ್ಲುವುದೇ ಕಷ್ಟ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ, ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆ ಕಸಿಯಂಥದ್ದು ಬಿಟ್ಟರೆ ಸ್ಟೆಮ್ ಸೆಲ್ ಕೊಡುವುದು ಪ್ರಯೋಗದಲ್ಲಿ ಮಾತ್ರ. ಪ್ರಯೋಗಕ್ಕೆ ಸೇರಿದವರಿಂದ ದುಡ್ಡು ಕೇಳುವಂತಿಲ್ಲ. ಏಜೆಂಟನಿಗೆ ಸಿಟಿಆರ್‌ಐ, ಅಂದರೆ ದೇಶದ ವೈದ್ಯಕೀಯ ಪ್ರಯೋಗಗಳ ಪಟ್ಟಿಯ, ನೋಂದಣಿ ಸಂಖ್ಯೆ ಕೇಳಿ. ನಾಲ್ಕು ಲಕ್ಷ ಕೇಳುವವನು ಏನು ಸಂಖ್ಯೆ ಕೊಡುತ್ತಾನೆ ನೋಡಿ. ಹೊಲ ಮಾತ್ರ ಮಾರಬೇಡಿ, ಕೈಮುಗಿದು ಕೇಳುತ್ತೇನೆ.

ನಿಮ್ಮ ಹಕ್ಕು ಬೇರೆ ಕಡೆ ಗಟ್ಟಿಯಾಗಿದೆ. ಕೇಸ್ ಶೀಟ್, ಸ್ಕ್ಯಾನ್ ರಿಪೋರ್ಟ್ ಬೇಕು ಅಂತ ಬರೆದು ಕೊಡಿ. 72 ಗಂಟೆಯೊಳಗೆ ಕೊಡಲೇಬೇಕು. ಅವನ್ನು ಇನ್ನೊಬ್ಬ ಶ್ವಾಸಕೋಶ ತಜ್ಞರಿಗೆ ತೋರಿಸಿ.

ಐಸಿಯು ಸಿಸ್ಟರ್, ಹುಬ್ಬಳ್ಳಿ:
ಹೊರಗಿನವರು ಬಂದು ಏನೋ ಚುಚ್ಚಿ ಹೋದರೆ, ರಾತ್ರಿ ಎರಡಕ್ಕೆ ಬಿಪಿ ಬಿದ್ದಾಗ ಓಡೋರು ನಾವು. ಆ ಬಾಟಲಿಯಲ್ಲಿ ಏನಿತ್ತು ಅಂತ ನಮಗೂ ಗೊತ್ತಿರಲ್ಲ, ಡ್ಯೂಟಿ ಡಾಕ್ಟರಿಗೂ ಗೊತ್ತಿರಲ್ಲ. ಅದಕ್ಕೇ ಆಸ್ಪತ್ರೆ ಒಪ್ಪಲ್ಲ.

ಅಪ್ಪನಿಗೆ ಎಚ್ಚರ ಇದೆಯಾ? ಇದ್ದರೆ ಅವರನ್ನು ಯಾರಾದರೂ ಕೇಳಿದ್ದೀರಾ? ಎಚ್ಚರ ಇರುವವರ ಒಪ್ಪಿಗೆ ಅವರದೇ, ಕಾಕಾದ್ದಲ್ಲ. ಉಸಿರಾಟದ ಸಂಕಟ ಕಡಿಮೆ ಮಾಡಲು ಸಣ್ಣ ಪ್ರಮಾಣದ ಮಾರ್ಫಿನ್ ಕೊಡುವುದುಂಟು. ಅವರಿಗೆ ಅದು ಹೊಂದುತ್ತದಾ ಅಂತ ಡಾಕ್ಟರನ್ನು ಕೇಳಿ. ಇದನ್ನು ಯಾರೂ ಕೇಳುವುದೇ ಇಲ್ಲ.

ರಾಣೆಬೆನ್ನೂರಿನವ:
ತಮ್ಮನ ಬೆನ್ನುಹುರಿಗೆ ಪೆಟ್ಟಾದಾಗ ನಾವು ಬೇರೆ ಊರಿನ ಒಂದು ಕ್ಲಿನಿಕ್‌ನಲ್ಲಿ ಇದನ್ನೇ ಹಾಕಿಸಿದೆವು. ಅವನ ಕಾಲು ಒಂಚೂರೂ ಅಲುಗಲಿಲ್ಲ. ಗ್ರಾಹಕರ ಆಯೋಗಕ್ಕೆ ಹೋಗೋಣ ಅಂತ ಕಾಗದ ತೆಗೆದರೆ, ರಸೀದಿಯಲ್ಲಿ "ಫಿಸಿಯೋಥೆರಪಿ ಪ್ಯಾಕೇಜ್" ಅಂತಿತ್ತು. ಸ್ಟೆಮ್ ಸೆಲ್ ಅನ್ನೋ ಪದ ಎಲ್ಲೂ ಇಲ್ಲ. ರಸೀದಿಯಲ್ಲಿ ಏನು ಬರೆಯುತ್ತೀರಿ ಅಂತ ಏಜೆಂಟನನ್ನು ಕಾಕಾ ಮುಂದೆಯೇ ಕೇಳಿ.

ಲಕ್ಷ್ಮೇಶ್ವರದ ಮಗಳು:
ಕೇಳಿದೆವು. ನಗದು ಕೊಡಿ, ರಸೀದಿ ಆಮೇಲೆ ಅಂದ. ಕಾಕಾ ಸುಮ್ಮನಾದರು. ಅಪ್ಪನಿಗೆ ಎಚ್ಚರ ಇದೆ. ಹೊಲದ ವಿಷಯ ಅವರಿಗೆ ಯಾರೂ ಹೇಳಿರಲಿಲ್ಲ. ಹೇಳಿದಾಗ ಮಾಸ್ಕ್ ಸರಿಸಿ "ಬ್ಯಾಡ" ಅಂದರು. ನಾಳೆ ಎಲ್ಲರೂ ಡಾಕ್ಟರ ಜೊತೆ ಕೂರುತ್ತೇವೆ. ವಕೀಲರೇ, ಕೇಸ್ ಶೀಟ್ ಅರ್ಜಿಗೆ ನನ್ನ ಸಹಿ ನಡೆಯುತ್ತದಾ?

ಧಾರವಾಡದ ವಕೀಲ:
ಅಪ್ಪನ ಸಹಿ ಆದರೆ ಒಳ್ಳೆಯದು. ಆಗದಿದ್ದರೆ ನಿಮಗೆ ಅಧಿಕಾರ ಕೊಟ್ಟಿದ್ದೇನೆ ಅಂತ ಒಂದು ಸಾಲು ಬರೆಸಿ, ಹೆಬ್ಬೆಟ್ಟು ಹಾಕಿಸಿ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ.